ಹದಿನೇಳು ನೆರಿಗೆ

ಜನವರಿ 12, ಭಾನುವಾರ

ಇವತ್ತು ತುಂಡು ಬಟ್ಟೆ ಮಾರುವ ಅಜ್ಜಿಯನ್ನು ಅರ್ಧ ಬೆಲೆಗಿಂತ ಕೆಳಗೆ ಇಳಿಸಿದೆ. ಈ ದೇಶಕ್ಕೆ ಬಂದು ಎರಡು ವಾರ. ಇಲ್ಲಿನ ಭಾಷೆಯಲ್ಲಿ ನನಗೆ ಬರುವುದು ನಮಸ್ಕಾರ, ನೀರು, ದುಬಾರಿ ಎನ್ನುವ ಮೂರೇ ಮಾತು. ಮೂರನೆಯದೊಂದಿದ್ದರೆ ಎಲ್ಲಿ ಬೇಕಾದರೂ ಬದುಕಬಹುದು ಎಂದು ಖಾತ್ರಿಯಾಯಿತು.

ಬಸ್ ನಿಲ್ದಾಣದ ಹಿಂದಿನ ಉದ್ದನೆಯ ಬೀದಿಯಲ್ಲಿ ಭಾನುವಾರ ಬೆಳಗ್ಗೆ, ಕಾರ್ಖಾನೆಗಳಲ್ಲಿ ಉಳಿದ ತುಂಡುಗಳನ್ನು ಹಾಕಿಕೊಂಡು ಕೂರುತ್ತಾರೆ. ಅಜ್ಜಿಯ ಅಂಗಡಿ ಎಂದರೆ ಮಂಚದಷ್ಟು ಅಗಲದ ಒಂದು ಹಲಗೆ. ನಮ್ಮಿಬ್ಬರ ನಡುವೆ ಮಾತಿಲ್ಲ, ಕ್ಯಾಲ್ಕುಲೇಟರ್ ಇದೆ. ಅವಳು ಒಂದು ಸಂಖ್ಯೆ ಒತ್ತುತ್ತಾಳೆ, ನಾನು ಅಳಿಸಿ ನನ್ನದನ್ನು ಒತ್ತುತ್ತೇನೆ. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡರೆ ನಾನು ಹಣೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಬಟ್ಟೆಯಲ್ಲಿ ತೂತಿದ್ದ ಕಡೆ, ಎಳೆ ಹೋದ ಕಡೆ ಅವಳೇ ಸೀಮೆಸುಣ್ಣದಿಂದ ಸುತ್ತು ಹಾಕಿಟ್ಟಿರುತ್ತಾಳೆ, ಪಾಪ. ಒಂದೊಂದು ಸುತ್ತಿನ ಮೇಲೂ ಬೆರಳಿಟ್ಟು ಒಂದೊಂದು ಮೆಟ್ಟಿಲು ಇಳಿಸಿದೆ. ಕೊನೆಗೆ ಬೆನ್ನು ತಿರುಗಿಸಿ ಹೊರಟೆ. ಆರನೇ ಹೆಜ್ಜೆಗೇ ಕರೆದಳು. ನಮ್ಮೂರಿನವರು ಹತ್ತು ಹೆಜ್ಜೆಯಾದರೂ ಕಾಯಿಸುತ್ತಾರೆ, ಇವರಿಗೆ ಇನ್ನೂ ಅಭ್ಯಾಸ ಸಾಲದು.

ಮಧ್ಯಾಹ್ನದ ಮೇಲೆ ಗುಡ್ಡದ ದೇವಸ್ಥಾನಕ್ಕೆ ಹೋದೆ. ನಾಲ್ಕು ಗಂಟೆಯ ನಂತರ ಟಿಕೆಟ್ ಬೇಕಿಲ್ಲ. ಮೂರೂ ಮುಕ್ಕಾಲಿಗೆ ಹೋಗಿ ಗೇಟಿನ ಮುಂದೆ ಕೂತಿದ್ದೆ. ಹತ್ತು ಹದಿನೈದು ಜನ ಪ್ರವಾಸಿಗಳು ದುಡ್ಡು ಕೊಟ್ಟು ಒಳಗೆ ಹೋದರು. ಹದಿನೈದು ನಿಮಿಷದ ನಂತರ ಅದೇ ದೇವರನ್ನು ನಾನು ಪುಕ್ಕಟೆ ನೋಡಿದೆ. ಅವರಿಗಿಂತ ಹೆಚ್ಚು ಹೊತ್ತು ನೋಡಿದೆ.

ನನ್ನ ಕೋಣೆಯವಳು ನಮ್ಮ ಭಾಷೆಯವಳೇ. ಮೂಳೆ, ಕೀಲು, ವ್ಯಾಯಾಮ ಅಂತ ಏನೋ ಓದಲು ಬಂದಿರುವ ಇಪ್ಪತ್ತಮೂರರ ಹುಡುಗಿ. ಬಾಡಿಗೆ ಕೋಣೆಯ ಜೊತೆ ನನಗೆ, ಕೊಂಡದ್ದರ ಮೇಲೆ ಪುಕ್ಕಟೆ ಹಾಕಿಕೊಡುವ ಹಾಗೆ, ಸಿಕ್ಕಿದ್ದರಿಂದ ಅವಳಿಗೆ ಕೊಸರು ಎಂದೇ ಹೆಸರಿಟ್ಟಿದ್ದೇನೆ. ಮೊದಲ ದಿನ ಆಂಟಿ ಎಂದಳು. ನಲವತ್ತಮೂರಕ್ಕೆ ಆಂಟಿಯಾಗಲು ನಾನೇನು ಇಷ್ಟು ದೂರ ಬರಬೇಕಿರಲಿಲ್ಲ ಎಂದ ಮೇಲೆ ಅಕ್ಕ ಎನ್ನುತ್ತಿದ್ದಾಳೆ.

ಜನವರಿ 20, ಸೋಮವಾರ

ನಾನು ಕಟಿಂಗ್ ಕಲಿಯಲು ಬಂದಿರುವ ಶಾಲೆಯ ತರಗತಿಯಲ್ಲಿ ಹನ್ನೆರಡು ಜನ, ಪಾಠ ಇಂಗ್ಲಿಷಿನಲ್ಲಿ. ನನಗಿಂತ ದೊಡ್ಡವರು ಇಲ್ಲ, ನನ್ನಷ್ಟು ಬೇಗ ಕತ್ತರಿ ಆಡಿಸುವವರೂ ಇಲ್ಲ. ಅವರು ಟೇಪು ಹಿಡಿದು ಬರೆದುಕೊಳ್ಳುವಷ್ಟರಲ್ಲಿ ನನ್ನ ಬಟ್ಟೆ ಕತ್ತರಿಸಿ ಆಗಿರುತ್ತದೆ. ನಾನು ಟೈಲರ್ ಮಗಳು. ಮನುಷ್ಯ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಅಪ್ಪ ಅವನ ಭುಜ, ಎದೆ, ಸೊಂಟ ಎಲ್ಲವನ್ನೂ ಕಣ್ಣಲ್ಲೇ ಅಳೆದುಬಿಡುತ್ತಿದ್ದರು. ಆ ಕಣ್ಣು ನನಗೂ ಬಂದಿದೆ.

ಮೇಡಂ ಮಾತ್ರ ಮೆಚ್ಚಲಿಲ್ಲ. ನನ್ನ ಕತ್ತರಿಸಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪೇಪರ್ ಕಟಿಂಗ್, ಅಂದರೆ ಬಟ್ಟೆಗೆ ಮುಂಚೆ ಕಾಗದದಲ್ಲಿ ಮಾಡುವ ನಮೂನೆ, ಎಲ್ಲಿ ಎಂದು ಕೇಳಿದರು. ನಾನು ತಲೆ ಮುಟ್ಟಿ ತೋರಿಸಿದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಈ ಶಾಲೆಯ ಪರೀಕ್ಷೆಯ ಕ್ರಮವೇ ಬೇರೆಯಂತೆ. ನಾವು ಮಾಡಿದ ಪೇಪರ್ ಕಟಿಂಗ್ ಬೇರೆ ವಿಭಾಗದ ಗುರುತಿಲ್ಲದವರ ಕೈಗೆ ಹೋಗುತ್ತದೆ. ಅವರು ಅದನ್ನು ನೋಡಿ ಹೊಲಿಯಬೇಕು. ನಾವು ಅಲ್ಲೇ ಕೂತಿದ್ದರೂ ಬಾಯಿ ಬಿಡುವಂತಿಲ್ಲ, ಕೈ ಚಾಚುವಂತಿಲ್ಲ. ಇದೇನು ಹುಚ್ಚಾಟವೋ. ಅಡುಗೆಯವಳನ್ನು ಕರೆಸಿ ಪಕ್ಕದ ಮನೆಯವರ ಕೈಲಿ ಒಗ್ಗರಣೆ ಹಾಕಿಸಿದ ಹಾಗಾಯಿತು.

ಫೆಬ್ರುವರಿಯಲ್ಲಿ ಒಂದು, ಮೇನಲ್ಲಿ ಒಂದು, ಎರಡು ಪರೀಕ್ಷೆ. ಎರಡನೆಯದು ಪಾಸಾದರೆ ಸರ್ಟಿಫಿಕೇಟು. ಸರ್ಟಿಫಿಕೇಟು ಸಿಕ್ಕರೆ ನಾನು ಹನ್ನೊಂದು ವರ್ಷದಿಂದ ತಾತ್ಕಾಲಿಕ ಶಿಕ್ಷಕಿಯಾಗಿರುವ ನಮ್ಮೂರ ಹೊಲಿಗೆ ತರಬೇತಿ ಕೇಂದ್ರದಲ್ಲಿ ಹೊಸ ಕಟಿಂಗ್ ವಿಭಾಗ, ಅದಕ್ಕೆ ನಾನೇ ಮುಖ್ಯಸ್ಥೆ, ನೌಕರಿ ಖಾಯಂ. ಸಿಗದಿದ್ದರೆ ಮತ್ತೆ ಲಂಗದ ಅಂಚು ಮಡಿಸುವುದನ್ನು ಹೇಳಿಕೊಡುತ್ತಾ ಕೂರಬೇಕು. ಹೊರಡುವಾಗ ಬೀದಿಯಲ್ಲಿ ಎದುರಾದವರಿಗೆಲ್ಲ ಮುಖ್ಯಸ್ಥೆ ಎಂದೇ ಹೇಳಿಕೊಂಡು ಬಂದಿದ್ದೇನೆ.

ಫೆಬ್ರುವರಿ 9, ಭಾನುವಾರ

ಅಜ್ಜಿಯಿಂದ ಒಂದೂವರೆ ಮೀಟರ್ ನೀಲಿ, ಎರಡು ಮೀಟರ್ ಸಾಸಿವೆ ಬಣ್ಣದ್ದು. ಹೇಳಿದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮುಗಿಸಿದೆ. ಜೊತೆಗೆ ಒಂದು ಹಿಡಿ ಗುಂಡಿ ಕೇಳಿ ಇಸಿದುಕೊಂಡೆ. ಕೊಸರು ಹಿಂದೆ ನಿಂತು ನಾಚಿಕೆಯಿಂದ ಬೇರೆ ಕಡೆ ನೋಡುತ್ತಿದ್ದಳು. ಅವಳು ಕೇಳಿದಷ್ಟು ಕೊಟ್ಟು ಬರುವ ಜಾತಿ. ಅಂಗಡಿಯವರು ಅವಳನ್ನು ನೋಡಿದರೆ ಸ್ಟೂಲು ಹಾಕುತ್ತಾರೆ, ನನ್ನನ್ನು ನೋಡಿದರೆ ನಿಟ್ಟುಸಿರು ಬಿಡುತ್ತಾರೆ. ಯಾವುದು ದೊಡ್ಡ ಮರ್ಯಾದೆ ಎಂದು ತಿಳಿದವರೇ ಹೇಳಬೇಕು.

ಇವತ್ತಿಗೆ ಆರು ದೇವಸ್ಥಾನ ಆಯಿತು. ಜನ ಗೋಪುರ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ನಾನು ಗೋಡೆಯ ಶಿಲ್ಪಗಳು ಉಟ್ಟ ಬಟ್ಟೆ ನೋಡುತ್ತೇನೆ. ಗುಡ್ಡದ ದೇವಸ್ಥಾನದ ಪೂರ್ವದ ಗೋಡೆಯಲ್ಲಿ ಒಬ್ಬಳಿದ್ದಾಳೆ, ಒಂದು ಮಂಡಿ ಬಗ್ಗಿಸಿ ನಿಂತಿದ್ದಾಳೆ. ಎಡಗಡೆಗೆ ನೆರಿಗೆ ಬಿದ್ದಿದೆ. ಎಣಿಸಿದೆ, ಹದಿನೇಳು. ಕಲ್ಲಾದರೂ ಗಾಳಿ ಬಂದರೆ ಅಲ್ಲಾಡುತ್ತದೆ ಎನ್ನಿಸಿತು. ಎರಡೇ ದಿನ ಕೊಟ್ಟರೆ ನಾನು ಅದನ್ನು ಬಟ್ಟೆಯಲ್ಲಿ ಮಾಡಿ ತೋರಿಸುತ್ತೇನೆ.

ಫೆಬ್ರುವರಿ 21, ಶುಕ್ರವಾರ

ನಪಾಸು. ಹೊಲಿದವನಿಗೆ ಬುದ್ಧಿ ಇಲ್ಲ.

ಫೆಬ್ರುವರಿ 22, ಶನಿವಾರ

ಅಂಗಿಯ ಪೇಪರ್ ಕಟಿಂಗ್ ಕೊಟ್ಟಿದ್ದೆ. ಅಳತೆ ಒಂದು ಕೂದಲೆಳೆ ತಪ್ಪಿರಲಿಲ್ಲ. ಹೊಲಿಯಲು ಬಂದವನು ನನ್ನ ಗೆರೆಯ ಮೇಲೇ ಸರಿಯಾಗಿ ಕತ್ತರಿಸಿಬಿಟ್ಟ. ಗೆರೆಯ ಹೊರಗೆ ಎರಡು ಬೆರಳು ಬಟ್ಟೆ ಬಿಡಬೇಕು ಎಂದು ಯಾರಿಗೆ ಗೊತ್ತಿಲ್ಲ? ನಮ್ಮ ಮನೆಯಲ್ಲಿ ಆರು ವರ್ಷದ ಮಗುವಿಗೂ ಗೊತ್ತು. ಹೊಲಿಗೆಗೆ ಅಷ್ಟು ಬಟ್ಟೆ ಹೋದ ಮೇಲೆ ಆ ಅಂಗಿ ಡಮ್ಮಿ ಗೊಂಬೆಯ ಭುಜಕ್ಕೇ ಸಿಕ್ಕಿಹಾಕಿಕೊಂಡಿತು. ಪರೀಕ್ಷಕರು ಎಳೆದರು, ಕಂಕುಳು ಹರಿಯಿತು. ನಾನು ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಎರಡು ಬೆರಳಿನ ವಿಷಯವನ್ನು ಮೇಡಂಗೆ ವಿವರಿಸಿ ಹೇಳಿದೆ. ಅವರು ನನ್ನ ಕಾಗದವನ್ನು ಮೇಜಿನ ಮೇಲೆ ಹರಡಿ, ಅದು ಇಲ್ಲಿ ಎಲ್ಲಿದೆ ತೋರಿಸಿ ಎಂದರು. ಅಷ್ಟೇ ಕೇಳಿದ್ದು, ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

ಕೋಣೆಗೆ ಬಂದು ಆ ಹೊಲಿದವನ ದಡ್ಡತನವನ್ನು ಕೊಸರಿಗೆ ಎರಡು ಗಂಟೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಕ್ಕ, ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತ ನಮ್ಮಜ್ಜಿ ಹೇಳ್ತಿದ್ರು" ಎಂದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಫೆಬ್ರುವರಿ 23, ಭಾನುವಾರ

ಮಾರುಕಟ್ಟೆಗೆ ಹೋಗಲು ಮನಸ್ಸಾಗಲಿಲ್ಲ. ಬೆಳಗ್ಗೆಯೇ ಗುಡ್ಡ ಹತ್ತಿದೆ. ಟಿಕೆಟ್ ಕೊಂಡು ಒಳಗೆ ಹೋದೆ ಎನ್ನುವುದು ಅರ್ಧದಷ್ಟು ಮೆಟ್ಟಿಲು ಹತ್ತಿದ ಮೇಲೆ ಗಮನಕ್ಕೆ ಬಂತು, ಅಷ್ಟು ಬೇಜಾರಿನಲ್ಲಿದ್ದೆ.

ಹದಿನೇಳು ನೆರಿಗೆಯವಳ ಮುಂದೆ ನಿಲ್ಲಲೂ ಸಂಕೋಚ. ಹಿಂದುಗಡೆ ಯಾರೂ ಹೋಗದ ಕಡೆ ಹೋಗಿ ಕೂತೆ. ಅಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಕಲ್ಲು, ಯಾರೋ ಕೈಬಿಟ್ಟದ್ದು. ತಲೆ ಇಲ್ಲ, ಕೈ ಇಲ್ಲ, ಕೆತ್ತನೆಯೇ ಶುರುವಾಗಿಲ್ಲ. ಆದರೆ ಕಲ್ಲಿನ ತುಂಬ ಗೆರೆಗಳಿವೆ. ಬಿಸಿಲು ಓರೆಯಾಗಿ ಬೀಳುತ್ತಿದ್ದರಿಂದ ಕಂಡಿತು. ನಡುವೆ ಒಂದು ನೇರ ಗೆರೆ, ಸೊಂಟದ ಹತ್ತಿರ ಅಡ್ಡ ಗೆರೆ. ಎಡ ಅಂಚಿನಲ್ಲಿ ಉಳಿಯಿಂದ ಹಾಕಿದ ಸಣ್ಣ ಸಣ್ಣ ಕಚ್ಚುಗಳು. ಬೆರಳಾಡಿಸಿ ಎಣಿಸಿದೆ. ಹದಿನೇಳು.

ಗೆರೆ ಹಾಕಿದವನೇ ಕೆತ್ತುವವನಾಗಿದ್ದರೆ ಇಷ್ಟು ಗುರುತು ಯಾಕೆ ಬೇಕಿತ್ತು ಎಂದು ಸುಮಾರು ಹೊತ್ತು ಯೋಚಿಸಿದೆ. ಆಮೇಲೆ ಪರ್ಸಿನಿಂದ ಬಸ್ ಟಿಕೆಟ್ ತೆಗೆದು ಅದರ ಅಂಚಿನಲ್ಲಿ ಕಚ್ಚುಗಳ ಅಂತರವನ್ನು ಗುರುತು ಮಾಡಿಕೊಂಡೆ. ಅಂತರ ಒಂದೇ ಸಮ ಇಲ್ಲ. ಸೊಂಟದ ಮೂಳೆ ಬರುವ ಕಡೆ ಒತ್ತೊತ್ತಾಗಿವೆ, ಆಚೆ ಅಗಲವಾಗಿವೆ. ಕಾವಲುಗಾರ ಬಂದು ಕಲ್ಲು ಮುಟ್ಟಬೇಡಿ ಎಂದು ಕೈ ಆಡಿಸಿದ. ಮುಟ್ಟಿ ಆಗಿತ್ತು.

ಕೊಸರಿನ ಜೊತೆ ಮಾತು ಶುರು ಮಾಡಬೇಕಾಯಿತು. ಮೂಳೆಯ ವಿಷಯ ಅವಳಿಗೇ ಗೊತ್ತಿರುವುದು. ಮಂಚದ ಪಕ್ಕ ಒಂದು ಕಾಲ ಮೇಲೆ ಭಾರ ಹಾಕಿ ನಿಂತು ತೋರಿಸಿದಳು. ಭಾರ ಬಿದ್ದ ಕಡೆ ಸೊಂಟ ಮೇಲೇಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಅದಕ್ಕೇ ನೆರಿಗೆ ಸಮ ಇಲ್ಲ. ಒಂಬತ್ತನೆಯದರಿಂದ ಅಳತೆ ಬದಲಾಗುತ್ತದೆ.

ಮಾರ್ಚ್ 9, ಭಾನುವಾರ

ಮೇ ಪರೀಕ್ಷೆಗೆ ಆ ನೆರಿಗೆಯ ಲಂಗವನ್ನೇ ಕೊಡುತ್ತೇನೆ ಎಂದು ಮೇಡಂಗೆ ಹೇಳಿಬಿಟ್ಟೆ. ಹದಿನೇಳು ನೆರಿಗೆ, ಎರಡು ಅಳತೆ, ಹೊಲಿಯುವವರು ಯಾರೋ ಏನೋ, ಸುಲಭದ್ದು ಇಟ್ಟುಕೊಳ್ಳಿ ಎಂದರು. ನನಗೆ ಮತ್ತೊಂದು ಅವಕಾಶ ಇಲ್ಲ ಎಂದೂ ನೆನಪಿಸಿದರು. ಸುಲಭದ್ದು ಮಾಡಲು ಇಷ್ಟು ದೂರ ಬರಬೇಕಿತ್ತೇ ಎಂದು ಹೇಳಬೇಕೆನ್ನಿಸಿತು.

ನಾನೇ ಹೊಲಿದು ನೋಡಿದೆ. ಅರ್ಧ ದಿನದಲ್ಲಿ ಮುಗಿಯಿತು, ಅದ್ಭುತವಾಗಿದೆ. ಆದರೆ ಅದರಿಂದ ಏನೂ ಉಪಯೋಗವಿಲ್ಲ.

ಇವತ್ತು ಯಾಕೋ ಅಪ್ಪನ ಕಣ್ಣಿನ ಆಪರೇಷನ್ ನೆನಪಾಯಿತು. ಅಪ್ಪ ಅಳತೆ ಬರೆಯುತ್ತಿರಲಿಲ್ಲ. ಗಿರಾಕಿಗೊಂದು ಕಾಗದದ ಪಟ್ಟಿ, ಅದರಲ್ಲಿ ಕತ್ತರಿಯಿಂದ ಕಚ್ಚು. ಇನ್ನೂರು ಪಟ್ಟಿ ಮೊಳೆಗೆ ಸಿಕ್ಕಿಸಿ ತೂಗುಹಾಕಿದ್ದರು. ಯಾವ ಕಚ್ಚು ಎದೆ, ಯಾವುದು ತೋಳು ಎನ್ನುವುದು ಅವರಿಗೊಬ್ಬರಿಗೇ ಗೊತ್ತು. ಕಣ್ಣಿಗೆ ಪಟ್ಟಿ ಕಟ್ಟಿದ ಎರಡು ತಿಂಗಳು ಅಂಗಡಿ ಮುಚ್ಚಿತ್ತು. ನಾನು ಆ ಕಾಗದದ ಪಟ್ಟಿಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ದೆ, ಒಂದೂ ಅರ್ಥವಾಗಿರಲಿಲ್ಲ. ಆಗ ಅದು ನನಗೆ ಅಪ್ಪನ ದೊಡ್ಡತನವಾಗಿ ಕಂಡಿತ್ತು. ಇದ್ದ ಗಿರಾಕಿಗಳಲ್ಲಿ ಅರ್ಧ ಜನ ಆಮೇಲೆ ಬರಲಿಲ್ಲ.

ಮಾರ್ಚ್ 30, ಭಾನುವಾರ

ಕೊಸರಿಗೆ ಹೊಲಿಗೆ ಬಾರದು. ಗುಂಡಿ ಬಿದ್ದರೆ ಪಿನ್ನು ಹಾಕಿಕೊಳ್ಳುವವಳು. ನನಗೆ ಬೇಕಾಗಿದ್ದೂ ಅಂಥವಳೇ. ಶಾಲೆಯ ಹಳೆ ಮೆಷಿನ್ ಮುಂದೆ ಅವಳನ್ನು ಕೂರಿಸಿ, ಕಾಗದ ಕೈಗೆ ಕೊಟ್ಟು, ನಾನು ಎದುರು ಗೋಡೆಗೆ ಒರಗಿ ಕೂತೆ. ಮಾತಾಡಬಾರದು ಎಂದು ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದೆ.

ಮೊದಲ ಸಲ ಹನ್ನೊಂದು ಕಡೆ ತೋಚದೆ ನಿಂತಳು. ಒಂದೊಂದು ಕಡೆ ನಿಂತಾಗಲೂ ನನ್ನ ಮುಖ ನೋಡುತ್ತಾಳೆ. ನನಗೆ ಎದ್ದು ಹೋಗಿ ಕೈ ಹಿಡಿದು ಮಡಿಸಿಬಿಡೋಣ ಎನ್ನಿಸುತ್ತದೆ. ಕೈ ಮೇಲೆ ಕೂತುಕೊಂಡೆ. ಅವಳು ನಿಂತ ಕಡೆಯೆಲ್ಲ ಕಾಗದದಲ್ಲಿ ಒಂದು ಬಾಣ, ಇಲ್ಲವೇ ಒಂದು ಚುಕ್ಕೆ, ಒಂದು ಸಂಖ್ಯೆ ಸೇರಿಸಿದೆ. ಮಾತು ಬರೆದರೆ ಪ್ರಯೋಜನವಿಲ್ಲ, ಹೊಲಿಯುವವರ ಭಾಷೆ ಯಾವುದೋ.

ಒಂಬತ್ತನೇ ನೆರಿಗೆಯಲ್ಲಿ ಮೂರು ಸಲವೂ ತಪ್ಪಿದಳು. ಹಿಂದಿನದರಷ್ಟೇ ಮಡಿಸಿಬಿಡುತ್ತಾಳೆ. ನಾಲ್ಕನೇ ಸಲವೂ ಹಾಗೇ ಮಾಡಿದಾಗ ನನಗೆ ರೇಗಿಹೋಯಿತು.

"ಎಷ್ಟು ಸಲ ಹೇಳ್ಬೇಕೇ ನಿಂಗೆ, ಇಲ್ಲಿಂದ ಅಳತೆ ಬೇರೆ!"

"ನೀವು ಹೇಳ್ಲೇ ಇಲ್ಲ ಅಕ್ಕ" ಎಂದಳು. "ಕಾಗದಾನೂ ಹೇಳ್ಲಿಲ್ಲ."

ಲವಂಗ ಉಗಿದು ಬಂದು ಕಾಗದ ನೋಡಿದೆ. ಒಂಬತ್ತರ ಪಕ್ಕ ಬೇರೆ ಅಳತೆಯ ಸಂಖ್ಯೆ ಇತ್ತು, ನಿಜ. ಆದರೆ ತಪ್ಪಿದವರು ತಪ್ಪಿದೆ ಎಂದು ತಿಳಿಯುವುದು ಹೇಗೆ ಎನ್ನುವುದು ಇರಲಿಲ್ಲ. ಹತ್ತನೆಯ ಕಚ್ಚಿನ ಪಕ್ಕ ಒಂದು ಪುಟ್ಟ ಕತ್ತರಿಯ ಚಿತ್ರ ಸೇರಿಸಿದೆ. ಎರಡು ಕಚ್ಚು ಒಂದಕ್ಕೊಂದು ಕೂಡದಿದ್ದರೆ ಹಿಂದಿನ ಒಂದೇ ಒಂದು ಮಡಿಕೆಯನ್ನು ಬಿಚ್ಚು ಎಂದು ಅರ್ಥ. ಕತ್ತರಿಯ ಚಿತ್ರ ಬಾತುಕೋಳಿಯ ಹಾಗಿದೆ ಎಂದು ಕೊಸರು ನಕ್ಕಳು. ಐದನೇ ಸಲ ತಪ್ಪಿದರೂ ತಾನೇ ಬಿಚ್ಚಿ ಸರಿ ಮಾಡಿಕೊಂಡಳು.

ನನಗೆ ಬಂದ ಖುಷಿಗೆ ಅವಳಿಗೆ ಹೋಟೆಲಿನಲ್ಲಿ ಊಟ ಹಾಕಿಸಿದೆ. ಮೆನು ಕಾರ್ಡಿನ ಬಲಗಡೆ ನೋಡಲಿಲ್ಲ.

ಏಪ್ರಿಲ್ 13, ಭಾನುವಾರ

ಇನ್ನೂ ಒಂದು ಸಲ ಪರೀಕ್ಷೆ ಮಾಡಲು ಬಟ್ಟೆ ಬೇಕಿತ್ತು. ಅಜ್ಜಿಯ ಹತ್ತಿರ ಬಿಳಿಯದು ಮೂರೂವರೆ ಮೀಟರ್ ಇತ್ತು. ಅಂಚಿನಲ್ಲಿ ಒಂದು ಕಡೆ ಸೀಮೆಸುಣ್ಣದ ಸುತ್ತು. ನನಗೆ ತೂತು ಕಾಣಲಿಲ್ಲ. ಬೆಳಕಿಗೆ ಹಿಡಿದೆ, ಆಗಲೂ ಇಲ್ಲ. ಅಜ್ಜಿ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸಿದಳು. ಒಂದೇ ಒಂದು ಎಳೆ ತೆಳ್ಳಗಿದೆ. ಕತ್ತರಿಸುವವರು ಯಾರೋ, ಅವರು ಅಲ್ಲಿ ಎಡವಬಾರದು ಎಂದು ಹಾಕಿಟ್ಟಿದ್ದಾಳೆ. ಅವಳ ಬೆರಳ ತುದಿ ಒಡೆದು ಒರಟಾಗಿದೆ, ಆದರೂ ಅದಕ್ಕೆ ಗೊತ್ತಾಗಿದೆ.

ಅವಳು ಕ್ಯಾಲ್ಕುಲೇಟರಿನಲ್ಲಿ ಒತ್ತಿದ್ದನ್ನೇ ಕೊಟ್ಟು ಬಂದೆ. ದಾರಿಯಲ್ಲಿ ಕೊಸರು ನನ್ನ ಹಣೆ ಮುಟ್ಟಿ ಜ್ವರವೇ ಎಂದು ಕೇಳಿದಳು. ಬಸ್ಸಿಗೆ ಹೊತ್ತಾಗಿತ್ತು, ಚೌಕಾಸಿಗೆಲ್ಲಿ ಸಮಯ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಪರೀಕ್ಷೆಯ ಕ್ರಮ ಹೇಳಿದೆ. ಇಷ್ಟು ದಿನ ಹೇಳಿರಲಿಲ್ಲ. ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಕೈ ಯಾರದ್ದೋ ಅವನದ್ದೇ ಬಟ್ಟೆ, ಬೇರೆಯವನ ಕೈಗೆ ಕೊಟ್ಟ ಮೇಲೆ ಅದರಲ್ಲಿ ನಿನ್ನದು ಏನು ಉಳಿಯಿತು ಎಂದರು. ನೆಟ್ವರ್ಕ್ ಸರಿ ಇಲ್ಲ ಎಂದು ಹೇಳಿ ಫೋನ್ ಇಟ್ಟೆ.

ಮೇ 9, ಶುಕ್ರವಾರ

ನಿಧಾನವಾಗಿ ಬರೆಯಬೇಕು, ಇಲ್ಲದಿದ್ದರೆ ಎಲ್ಲ ಒಂದೇ ಸಲ ಬಂದುಬಿಡುತ್ತದೆ.

ನನ್ನ ಪಾಲಿಗೆ ಬಂದವನು ಕಾರಿನ ಸೀಟಿಗೆ ಕವರ್ ಹೊಲಿಯುವ ವಿಭಾಗದವನು. ನನ್ನದೇ ವಯಸ್ಸು, ಒಂದೊಂದು ಬೆರಳೂ ಬಾಳೆಹಣ್ಣಿನಷ್ಟು ದಪ್ಪ. ಬಾಗಿಲ ಹತ್ತಿರ ನಿಂತಿದ್ದ ಮೇಡಂ ನನ್ನನ್ನು ನೋಡದೆ ಕಿಟಕಿ ನೋಡುತ್ತಿದ್ದರು. ನೆಲದ ಮೇಲೆ ಒಂದು ಹಳದಿ ಗೆರೆ, ಅದರ ಈಚೆ ನನ್ನ ಕುರ್ಚಿ.

ಮೊದಲು ಅವನು ಮೆಷಿನ್ ಮುಟ್ಟಲೇ ಇಲ್ಲ. ಇಪ್ಪತ್ತು ನಿಮಿಷ ಕಾಗದ ಓದಿದ. ಕೆಳಗಿನಿಂದ ಮೇಲಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಪಕ್ಕದ ಮೇಜುಗಳಲ್ಲಿ ಎಲ್ಲರ ಮೆಷಿನ್ನೂ ಓಡುತ್ತಿತ್ತು. ಆಮೇಲೆ ಕತ್ತರಿ ಎತ್ತಿಕೊಂಡು, ಈ ಸಲ ನಾನು ಸೇರಿಸಿದ್ದ ಹೊರಗಿನ ಗೆರೆಯ ಮೇಲೆ ಕತ್ತರಿಸಿದ. ಅಲ್ಲಿಗೆ ನಾನು ಮೊದಲ ಉಸಿರು ಬಿಟ್ಟೆ.

ಆ ದಪ್ಪ ಬೆರಳುಗಳು ನೆರಿಗೆ ಹಿಡಿದದ್ದನ್ನು ನೋಡಬೇಕಿತ್ತು. ಮಗುವಿನ ಕಿವಿ ಹಿಡಿದ ಹಾಗೆ ಹಿಡಿಯುತ್ತಾನೆ. ಒಂದು, ಎರಡು, ಐದು, ಎಂಟು. ಒಂಬತ್ತನೆಯದನ್ನು ಹಿಂದಿನದರಷ್ಟೇ ಮಡಿಸಿದ. ಹೊಲಿಗೆಯನ್ನೂ ಹಾಕಿಬಿಟ್ಟ.

ನಾನು ಕುರ್ಚಿಯಿಂದ ಎದ್ದಿದ್ದೆ. ಎದ್ದದ್ದು ನನಗೇ ಗೊತ್ತಿರಲಿಲ್ಲ, ಪರೀಕ್ಷಕರು ಕೂರಿ ಎಂದು ಸನ್ನೆ ಮಾಡಿದಾಗಲೇ ತಿಳಿದದ್ದು. ಒಂದೇ ಮಾತು, ನಮ್ಮೂರಿನ ಭಾಷೆಯಲ್ಲೋ ಈ ಊರಿನ ಭಾಷೆಯಲ್ಲೋ 'ಅಯ್ಯೋ' ಎಂದಿದ್ದರೂ ಸಾಕಿತ್ತು, ಅವನು ತಿರುಗಿ ನೋಡುತ್ತಿದ್ದ. ಅಂದಿದ್ದರೆ ಅಲ್ಲಿಗೆ ನನ್ನ ಪರೀಕ್ಷೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಕಣ್ಣ ಮುಂದೆ ಬಂತು. ಕೂತೆ.

ಅವನು ಹತ್ತನೆಯದನ್ನು ಮಡಿಸಿದ. ಕಚ್ಚು ಕಚ್ಚಿಗೆ ಕೂಡಲಿಲ್ಲ. ಎಳೆದು ಕೂಡಿಸಲು ನೋಡಿದ. ಸೀಟಿನ ಕವರಾದರೆ ಎಳೆದರೆ ಬರುತ್ತದೆ. ಇದು ಬರಲಿಲ್ಲ. ಬಟ್ಟೆ ಕೆಳಗಿಟ್ಟು ತಲೆ ಕೆರೆದುಕೊಂಡ. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ, ನನ್ನ ಮುಖದಲ್ಲಿ ಉತ್ತರ ಓದಿಬಿಟ್ಟಾನು ಎಂದು. ಮತ್ತೆ ತಲೆ ಎತ್ತಿದಾಗ ಅವನು ಕಾಗದದ ಮೇಲೆ ಬಗ್ಗಿದ್ದ. ಬೆರಳು ಆ ಬಾತುಕೋಳಿಯ ಹತ್ತಿರ ನಿಂತಿತ್ತು. ಅವನಿಗೆ ನಗು ಬಂತು. ಬ್ಲೇಡು ತೆಗೆದುಕೊಂಡು ಒಂಬತ್ತನೆಯದನ್ನು ಮಾತ್ರ ಬಿಚ್ಚಿದ.

ಆಮೇಲಿನ ಎಂಟು ನೆರಿಗೆ ನೀರು ಹರಿದ ಹಾಗೆ ಹೋಯಿತು. ಡಮ್ಮಿಗೆ ಉಡಿಸಿದರು. ಅದರ ಒಂದು ಕಾಲ ಕೆಳಗೆ ಮರದ ತುಂಡು ಇಟ್ಟು ಸೊಂಟ ಓರೆ ಮಾಡಬೇಕು ಎಂದೂ ಕಾಗದದಲ್ಲಿ ಚಿತ್ರ ಹಾಕಿದ್ದೆ, ಅದನ್ನೂ ಮಾಡಿದ. ಹದಿನೇಳೂ ಬಿದ್ದವು. ಪರೀಕ್ಷಕರಲ್ಲಿ ಒಬ್ಬರು ಕಿಟಕಿ ತೆರೆದರು. ಗಾಳಿಗೆ ಅಲ್ಲಾಡಿತು. ಮೇಡಂ ಬಂದು ನನ್ನ ಕುರ್ಚಿಯ ಪಕ್ಕ ನಿಂತರು. ಹೋಗುವಾಗ ಭುಜ ಒತ್ತಿ ಹೋದರು. ಪಾಸು.

ಹೊಲಿದವನು ಹೊರಗೆ ಕಾರಿಡಾರಿನಲ್ಲಿ ಸಿಕ್ಕಿದ. ಕೈ ಮುಗಿದೆ. ಅವನು ತನ್ನ ದಪ್ಪ ಬೆರಳುಗಳನ್ನು ನನ್ನ ಮುಂದೆ ಹಿಡಿದು, ಇವೇ ಮಾಡಿದ್ದು ಎನ್ನುವ ಹಾಗೆ ತಾನೇ ನಂಬಲಾರದೆ ನೋಡಿಕೊಂಡ. ಫೋಟೋ ತೆಗೆಯಿರಿ ಎಂದು ಸನ್ನೆ ಮಾಡಿ ಒಳಗೆ ಲಂಗದ ಪಕ್ಕ ಹೋಗಿ ನಿಂತ. ತೆಗೆದೆ. ನಾನು ಪಕ್ಕದಲ್ಲಿ ನಿಲ್ಲಲಿಲ್ಲ, ಅವನಿಗೇ ಇರಲಿ ಎನ್ನಿಸಿತು.

ಅದೇ ಫೋಟೋವನ್ನು ಅಪ್ಪನಿಗೆ ಕಳಿಸಿದೆ. ಏನೂ ಬರೆಯಲಿಲ್ಲ. ಐದು ನಿಮಿಷಕ್ಕೆ ಫೋನ್ ಬಂತು. ದೊಡ್ಡದು ಮಾಡಿಕೊಂಡು ನೋಡಿದರಂತೆ, ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟು ಮತ್ತೆ ನೋಡಿದರಂತೆ. ಆ ಮನುಷ್ಯ ಯಾರು ಎಂದು ಕೇಳಲಿಲ್ಲ. ಪಾಸೋ ನಪಾಸೋ ಎಂದೂ ಕೇಳಲಿಲ್ಲ.

"ಹೊಲಿಗೆ ನಿಂದಲ್ಲ" ಎಂದರು.

"ಅಲ್ಲಪ್ಪ" ಎಂದೆ. "ನಾನು ಮುಟ್ಟೇ ಇಲ್ಲ."

ಆ ಕಡೆ ಭೂತಗನ್ನಡಿ ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಈ ಸಲ ನೆಟ್ವರ್ಕ್ ಸರಿಯಾಗಿಯೇ ಇತ್ತು.

"ಆದ್ರೆ ಬಟ್ಟೆ ನಿಂದೇ ಪುಟ್ಟಿ" ಎಂದರು. "ಯಾರ ಕೈಗೆ ಕೊಟ್ರೂ ನಿಂದೇ."

ಆಮೇಲೆ ಅಪ್ಪ ಏನೇನೋ ಕೇಳಿದರು, ನಾನು ಏನೇನೋ ಹೇಳಿದೆ, ನೆನಪಿಲ್ಲ. ಫೋನ್ ಇಟ್ಟ ಮೇಲೆ ಅಪ್ಪ ಅಂದದ್ದನ್ನು ಕೊಸರಿಗೆ ಮೂರು ಸಲ ಹೇಳಿದೆ. ಮೂರನೇ ಸಲ ಅವಳೂ ನನ್ನ ಜೊತೆ ಸೇರಿಕೊಂಡು ಹೇಳಿದಳು.